'ಹೊಟ್ಟೆನೋವು ಸರ್' ಅಂತ ಮಗು ಬಂದರೆ: ವಸತಿ ಶಾಲೆಯ ಹೊಸ ವಾರ್ಡನ್‌ಗಳಿಗೆ, ಹಂತ ಹಂತವಾಗಿ

ಮೊರಾರ್ಜಿ ದೇಸಾಯಿ ಶಾಲೆಗೋ ಕಿತ್ತೂರು ರಾಣಿ ಚೆನ್ನಮ್ಮ ಶಾಲೆಗೋ ವಾರ್ಡನ್ ಆಗಿ ಹೊಸದಾಗಿ ಬಂದಿದ್ದೀರಿ. ಆರನೇ ತರಗತಿಗೆ ಸೇರಿದ ಎಷ್ಟೋ ಮಕ್ಕಳು ಅಮ್ಮನನ್ನು ಬಿಟ್ಟು ಮಲಗುವುದು ಇದೇ ಮೊದಲು. 'ಮನಸ್ಸಿಗೆ ಸರಿಯಿಲ್ಲ' ಅನ್ನಲು ಆ ವಯಸ್ಸಿಗೆ ಬರುವುದಿಲ್ಲ. 'ಸರ್, ಹೊಟ್ಟೆನೋವು' ಅಂತಾರೆ. ಭಯಪಡಬೇಡಿ. ನೀವು ಡಾಕ್ಟರೂ ಆಗಬೇಕಿಲ್ಲ, ಕೌನ್ಸೆಲರೂ ಆಗಬೇಕಿಲ್ಲ. ಒಂದೊಂದೇ ಹೆಜ್ಜೆ ಇಡಿ.

1. ನೂರು ಪುಟದ ಒಂದು ನೋಟ್‌ಬುಕ್ ತನ್ನಿ. ತಾರೀಕು, ಹೊತ್ತು, ಹೆಸರು, ಏನು ತೊಂದರೆ, ಏನು ಮಾಡಿದಿರಿ ಎಂದು ಐದು ಕಾಲಂ ಎಳೆಯಿರಿ. ಎಚ್ಚರ: ಇದನ್ನು ಮಕ್ಕಳ ಕೈಯಲ್ಲಿ ಬರೆಸಬೇಡಿ, ಕಪಾಟಿನಲ್ಲಿಟ್ಟು ಬೀಗ ಹಾಕಿ.

2. ನಂಬರ್‌ಗಳನ್ನು ಮೊಬೈಲಿನಲ್ಲಿ ಸೇವ್ ಮಾಡಿ. ಆಂಬುಲೆನ್ಸ್ 108, ಮಕ್ಕಳ ಸಹಾಯವಾಣಿ 1098, ಮನಸ್ಸಿನ ಆರೋಗ್ಯಕ್ಕೆ ಟೆಲಿ ಮಾನಸ್ 14416. ಹತ್ತಿರದ ಪಿಎಚ್‌ಸಿ ಡಾಕ್ಟರ ನಂಬರೂ ಇರಲಿ.

3. ಮಗು ಬಂದಾಗ ಮೊದಲು ದೇಹ ನೋಡಿ. ಥರ್ಮಾಮೀಟರ್ ಇಡಿ. 'ಎಲ್ಲಿ ನೋವು? ಬೆರಳಿಟ್ಟು ತೋರಿಸು' ಅನ್ನಿ. ನೋವು ಹೊಟ್ಟೆಯ ಬಲಗಡೆ ಕೆಳಗಿದ್ದು ಜ್ವರ, ವಾಂತಿ ಕೂಡ ಇದ್ದರೆ ಅಪೆಂಡಿಕ್ಸ್ ಇರಬಹುದು. ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೊರಡಿ. ಹೆಣ್ಣುಮಕ್ಕಳಿಗೆ ಮುಟ್ಟಿನ ನೋವೂ ಇರುತ್ತದೆ, ಅದನ್ನು ಮೇಡಂ ಒಬ್ಬರು ಕೇಳಲಿ. ಹೊಸಬರು ಎಡವುವುದು ಇಲ್ಲೇ: ಡಾಕ್ಟರನ್ನಾಗಲಿ ನರ್ಸನ್ನಾಗಲಿ ಕೇಳದೆ ಕೈಗೆ ಸಿಕ್ಕ ಮಾತ್ರೆ ಕೊಟ್ಟು ಮಲಗಿಸಿಬಿಡುತ್ತಾರೆ.

4. ನೋಟ್‌ಬುಕ್ ತಿರುವಿಹಾಕಿ. 'ಭಾನುವಾರ ರಾತ್ರಿ, ಹೊಟ್ಟೆನೋವು.' ಮುಂದಿನ ವಾರ ಮತ್ತೆ 'ಭಾನುವಾರ ರಾತ್ರಿ, ಹೊಟ್ಟೆನೋವು.' ಅಪ್ಪ ಅಮ್ಮ ನೋಡಿಕೊಂಡು ಹೋದ ಮೇಲೆ ನೋವು ಶುರುವಾಗುತ್ತಿದೆಯೇ? ಗಣಿತದ ಟೆಸ್ಟ್ ಇರುವ ಬೆಳಿಗ್ಗೆಯೇ? ಒಂದೇ ಡಾರ್ಮಿಟರಿಯ ಮಕ್ಕಳಿಗೇ ಬರುತ್ತಿದೆಯೇ? ಹಾಗಂತ ಇದನ್ನು ನಾಟಕ ಅನ್ನಬೇಡಿ. ದುಃಖದಿಂದಲೂ ಹೆದರಿಕೆಯಿಂದಲೂ ಹೊಟ್ಟೆ ನಿಜವಾಗಿಯೇ ನೋಯುತ್ತದೆ.

5. ಪಕ್ಕದಲ್ಲಿ ಕೂರಿಸಿಕೊಳ್ಳಿ. ಬಾಗಿಲು ಹಾಕಿದ ಕೋಣೆ ಬೇಡ. ಎಲ್ಲರಿಗೂ ಕಾಣುವ, ಆದರೆ ಮಾತು ಕೇಳಿಸದ ಜಗಲಿಯ ತುದಿ ಸಾಕು. 'ಊಟ ಮಾಡಿದ್ಯಾ ಪುಟ್ಟಾ? ನಿನ್ನ ಪಕ್ಕ ಯಾರು ಮಲಗ್ತಾರೆ?' ಅಂತ ಶುರು ಮಾಡಿ, ಆಮೇಲೆ ಸುಮ್ಮನಿರಿ. ಮಗು ಟ್ರಂಕಿನ ಕೀಲಿಯನ್ನು ಬೆರಳಿಗೆ ಸುತ್ತುತ್ತಾ ಐದು ನಿಮಿಷ ಕೂತರೂ ಅವಸರ ಮಾಡಬೇಡಿ. 'ಇಷ್ಟಕ್ಕೆಲ್ಲ ಅಳ್ತಾರಾ?' ಎಂಬ ಒಂದು ಮಾತು ಬಂತೋ, ಆ ಮಗು ಮತ್ತೆ ನಿಮ್ಮ ಹತ್ತಿರ ಬರುವುದಿಲ್ಲ.

6. 'ಯಾರಿಗೂ ಹೇಳಲ್ಲ' ಅಂತ ಭಾಷೆ ಕೊಡಬೇಡಿ. 'ನಿನಗೆ ಸಹಾಯ ಮಾಡುವವರಿಗೆ ಮಾತ್ರ ಹೇಳ್ತೀನಿ' ಅನ್ನಿ. ಯಾರೋ ಕೆಟ್ಟದಾಗಿ ಮುಟ್ಟಿದ್ದಾರೆ ಅಂತ ಮಗು ಹೇಳಿದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಡುವುದೇ ಅಪರಾಧ. ಶಾಲೆಯ ಹೆಸರು ಹಾಳಾಗುತ್ತದೆ ಅಂತ ಯಾರೇ ತಡೆದರೂ ಕೇಳಬೇಡಿ.

7. ಮಗು ಬದುಕೇ ಬೇಡ ಅನ್ನುವ ಹಾಗೆ ಮಾತಾಡಿದರೆ ನೇರವಾಗಿ ಕೇಳಿ: 'ಸಾಯಬೇಕು ಅನ್ನಿಸ್ತಿದೆಯಾ?' ಭಯಪಡಬೇಡಿ, ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಎದೆಯ ಭಾರ ಇಳಿಯುತ್ತದೆ. ಹೌದು ಅಂದರೆ ಒಂದು ಕ್ಷಣವೂ ಒಂಟಿಯಾಗಿ ಬಿಡಬೇಡಿ. ಅಲ್ಲೇ ಕೂತು 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸೇವೆಗೆ ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಜೊತೆಗೇ ಪ್ರಾಂಶುಪಾಲರಿಗೂ ಮನೆಯವರಿಗೂ ತಿಳಿಸಿ, ಆಸ್ಪತ್ರೆಗೆ ಕರೆದೊಯ್ಯಿರಿ.

8. ಮರುದಿನ ನೀವಾಗಿಯೇ ಹುಡುಕಿಕೊಂಡು ಹೋಗಿ. 'ಈಗ ಹೇಗಿದೆ?' ಅಂತ ಕೇಳಿ, ಬರೆದಿಡಿ. ಹೊಸಬರು ಹೆಚ್ಚಾಗಿ ಮರೆಯುವುದು ಇದನ್ನೇ. ನನ್ನ ಮಟ್ಟಿಗೆ ಎಂಟರಲ್ಲಿ ಇದೇ ದೊಡ್ಡದು.

ಇವತ್ತು ರಾತ್ರಿ ಊಟದ ಬೆಲ್ ಹೊಡೆಯುವುದರೊಳಗೆ ನೋಟ್‌ಬುಕ್ಕಿಗೆ ಗೆರೆ ಎಳೆದಿಡಿ.