ಬ್ಯಾಡ್ಜಿಗೂ ಒಂದು ಪರೀಕ್ಷೆ

ಮಕ್ಕಳೇ, ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ, ಆಸ್ಪತ್ರೆಯ ಎಕ್ಸ್-ರೇ ಕೋಣೆಯಲ್ಲಿ ಕೆಲಸ ಮಾಡುವವರು ಎದೆಯ ಬಳಿ ಒಂದು ಚಿಕ್ಕ ಬ್ಯಾಡ್ಜ್ ಧರಿಸುತ್ತಾರೆ. ಅದೇ ಟಿ.ಎಲ್.ಡಿ. ಬ್ಯಾಡ್ಜ್. ಏಕೆ ಗೊತ್ತೆ? ವಿಕಿರಣ ಕಣ್ಣಿಗೆ ಕಾಣದು, ಮೈಗೆ ತಾಗಿದರೂ ತಿಳಿಯದು. ಅದು ಹೆಚ್ಚಾದಂತೆ ಕ್ಯಾನ್ಸರ್ ಬರುವ ಸಂಭವವೂ ಹೆಚ್ಚು. ನಮ್ಮ ದೇಶದ ನಿಯಮದಂತೆ ಈ ಕೆಲಸಗಾರರಿಗೆ ಅದು ಒಂದು ವರ್ಷದಲ್ಲಿ 30 ಮಿಲಿಸೀವರ್ಟ್ ಮೀರುವಂತಿಲ್ಲ.

ಬ್ಯಾಡ್ಜಿನೊಳಗೆ 3 ಬಿಲ್ಲೆಗಳಿವೆ. ಅವುಗಳಲ್ಲಿ ಡಿಸ್ಪ್ರೋಸಿಯಂ ಬೆರೆಸಿದ ಕ್ಯಾಲ್ಸಿಯಂ ಸಲ್ಫೇಟ್ ಇರುತ್ತದೆ. ಇದು ವಿಕಿರಣದ ಶಕ್ತಿಯಲ್ಲಿ ಸ್ವಲ್ಪವನ್ನು ಹಿಡಿದಿಟ್ಟುಕೊಳ್ಳುತ್ತದೆ. ಪ್ರಯೋಗಾಲಯದಲ್ಲಿ ಬಿಲ್ಲೆಯನ್ನು ಕಾಯಿಸಿದಾಗ ಆ ಶಕ್ತಿ ಬೆಳಕಾಗಿ ಹೊರಬರುತ್ತದೆ. ಬೆಳಕು ಹೆಚ್ಚಿದ್ದರೆ ತಾಗಿದ ವಿಕಿರಣವೂ ಹೆಚ್ಚು.

ಆದರೆ ಅಳತೆಯೇ ತಪ್ಪಿ ಕಡಿಮೆ ತೋರಿಸಿದರೆ? ಕೆಲಸಗಾರ ಅಪಾಯದಲ್ಲಿದ್ದರೂ ಯಾರಿಗೂ ತಿಳಿಯುವುದಿಲ್ಲ. ಅದಕ್ಕಾಗಿಯೇ ಪರೀಕ್ಷೆ. ಅಂಗಡಿಯ ತಕ್ಕಡಿ ಸರಿಯಿದೆಯೇ ಎಂದು ಮುದ್ರೆಯೊತ್ತಿದ ತೂಕದ ಬಟ್ಟು ಇಟ್ಟು ನೋಡುತ್ತಾರಲ್ಲವೇ? ಹಾಗೆಯೇ ಕೆಲವು ಬ್ಯಾಡ್ಜುಗಳಿಗೆ ಸೀಸಿಯಂ-137ರಿಂದ ಇಂತಿಷ್ಟೇ ಎಂದು ಅಳೆದು ವಿಕಿರಣ ಕೊಡುತ್ತಾರೆ. ಎಷ್ಟು ಕೊಟ್ಟೆವೆಂದು ಪ್ರಯೋಗಾಲಯದವರಿಗೆ ಹೇಳುವುದಿಲ್ಲ. ಅವರ ಉತ್ತರ ಬಂದ ಮೇಲೆ ಎರಡನ್ನೂ ಹೋಲಿಸುತ್ತಾರೆ.

ಲೆಕ್ಕ ಮಾಡಿ: ಕೊಟ್ಟದ್ದು 5 ಮಿಲಿಸೀವರ್ಟ್, ಅಳೆದದ್ದು 4.5. ವ್ಯತ್ಯಾಸ ಶೇಕಡ ಎಷ್ಟು?

ಯೋಚಿಸಿ: ಕೊಟ್ಟ ಪ್ರಮಾಣವನ್ನು ಮೊದಲೇ ಹೇಳಿಬಿಟ್ಟರೆ ಅದು ಪರೀಕ್ಷೆ ಆಗುತ್ತದೆಯೇ?

(ಲೆಕ್ಕದ ಉತ್ತರ: ಶೇ. 10 ಕಡಿಮೆ)