ಕಂಟ್ರೋಲ್ ಹೊರಗೆ ಬಿದ್ದಾಗ

ಮಗಳೇ, ಬಯೋಕೆಮಿಸ್ಟ್ರಿ ಅನಲೈಸರ್ ಇನ್ನು ನಿನ್ನ ಕೈಗೆ ಬರುತ್ತದೆ. ಯಾವ ಬಟನ್ ಒತ್ತಬೇಕೆಂದು ಕಂಪನಿಯ ಇಂಜಿನಿಯರ್ ಕಲಿಸಿಕೊಡುತ್ತಾರೆ. ನಾನು ಹೇಳಬೇಕಾದದ್ದು ಬೇರೆ ಇದೆ.

ಬೆಳಗಿನ ಹೊತ್ತು ಹೊರಗೆ ರೋಗಿಗಳ ಸಾಲು ಬೆಳೆಯುತ್ತಿರುತ್ತದೆ, ಒಳಗೆ ಮಷೀನನ್ನು ಪರೀಕ್ಷಿಸಲು ಓಡಿಸುವ, ಅಂಕಿ ಮೊದಲೇ ಗೊತ್ತಿರುವ ಪೊಟ್ಯಾಶಿಯಂ ಕಂಟ್ರೋಲ್ ಸರಾಸರಿಯಿಂದ 3 ಎಸ್‌ಡಿ ಆಚೆ ಬಿದ್ದಿರುತ್ತದೆ. ಇನ್ನೊಂದು ಸಲ ಓಡಿಸಿದರೆ ಸರಿಬಂದೀತು ಎಂದು ಮನಸ್ಸು ಹೇಳುತ್ತದೆ. ಸರಿಬರುವ ತನಕ ಓಡಿಸುತ್ತಲೇ ಇರುವ ಅಭ್ಯಾಸ ಮಾತ್ರ ಬೇಡ. ಕಾರಣ ಹುಡುಕದೆ ಬಿಟ್ಟ ತಪ್ಪು ಅಂದಿನ ಅಷ್ಟೂ ರಿಪೋರ್ಟುಗಳಲ್ಲಿ ಹೋಗಿ ಕೂರುತ್ತದೆ.

ಮೊದಲು ನೋಡು: ಕಂಟ್ರೋಲಿನ ಎರಡು ಲೆವೆಲ್‌ಗಳಲ್ಲಿ ಒಂದೇ ತಪ್ಪಿದೆಯೋ, ಎರಡೂ ತಪ್ಪಿವೆಯೋ? ಎರಡೂ ಒಂದೇ ಕಡೆಗೆ ಸರಿದಿದ್ದರೆ ಕ್ಯಾಲಿಬ್ರೇಶನ್, ಹೊಸ ಲಾಟ್ ರೀಜೆಂಟ್, ಎಲೆಕ್ಟ್ರೋಡ್ ಇವುಗಳ ಮೇಲೆ ಅನುಮಾನಪಡು. ಒಂದೇ ಆದರೆ ಆ ವಯಲನ್ನೇ ಎತ್ತಿ ನೋಡು. ಪುಡಿ ಕಂಟ್ರೋಲಿಗೆ 5 ಮಿ.ಲೀ. ನೀರು ಎಂದಿದ್ದರೆ ಅಂದಾಜಿಗೆ ಸುರಿಯುವಂತಿಲ್ಲ, ಪಿಪೆಟ್ಟಿನಲ್ಲೇ ಅಳೆಯಬೇಕು. ಕುಲುಕಿ ನೊರೆ ಎಬ್ಬಿಸದೆ ಮೆಲ್ಲಗೆ ತಿರುಗಿಸಿ, ಪೂರ್ತಿ ಕರಗುವವರೆಗೆ ಕಾಯಬೇಕು.

ಲೆವಿ ಮತ್ತು ಜೆನ್ನಿಂಗ್ಸ್ 1950ರಲ್ಲಿ ಲ್ಯಾಬಿಗೆ ತಂದ, ದಿನದಿನದ ಕಂಟ್ರೋಲ್ ಅಂಕಿಗಳನ್ನು ಬಿಂದುಗಳಾಗಿ ಗುರುತಿಸುವ ಚಾರ್ಟನ್ನು ಆಡಿಟ್‌ಗಾಗಿ ಫೈಲಿಗೆ ಸೇರಿಸುವ ಕಾಗದ ಎಂದುಕೊಳ್ಳಬೇಡ, ದಿನಾ ಓದು. ಎಲ್ಲ ಚೆನ್ನಾಗಿದ್ದರೂ ಸುಮಾರು 20ರಲ್ಲಿ ಒಂದು ಬಿಂದು 2 ಎಸ್‌ಡಿ ದಾಟುತ್ತದೆ, ಅದಕ್ಕೆ ಗಾಬರಿಯಾಗಬೇಕಿಲ್ಲ. ಬೆನ್ನುಬೆನ್ನಿಗೆ ಎರಡು ಬಿಂದು ಒಂದೇ ಬದಿಗೆ ದಾಟಿದರೆ ರಿಪೋರ್ಟ್ ತಡೆದುಬಿಡು. ಗೆರೆಯೊಳಗೇ ಇದ್ದರೂ ಸತತ ಹತ್ತು ಬಿಂದು ಸರಾಸರಿಯ ಒಂದೇ ಬದಿಯಲ್ಲಿ ಕೂತಿದ್ದರೆ ಏನೋ ಜಾರುತ್ತಿದೆ ಎಂದರ್ಥ. ಚಾರ್ಟ್ ಓದುವ ಈ ವೆಸ್ಟ್‌ಗಾರ್ಡ್ ನಿಯಮಗಳಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ಕೊನೆಯದೇ. ಕೆಡುವ ಮುಂಚೆಯೇ ಸುಳಿವು ಸಿಗುತ್ತದೆ.

ಆದರೆ ಕಂಟ್ರೋಲ್ ಎಷ್ಟು ಚೆನ್ನಾಗಿ ಬಂದರೂ ಕೆಟ್ಟ ಸ್ಯಾಂಪಲ್ಲನ್ನು ಅದು ಹಿಡಿಯಲಾರದು. ಅದನ್ನು ಹಿಡಿಯಬೇಕಾದವಳು ನೀನು. ಸೀರಮ್ ಕೆಂಪಗಿದ್ದರೆ ರಕ್ತಕಣ ಒಡೆದಿದೆ, ಪೊಟ್ಯಾಶಿಯಂ ಸುಳ್ಳಾಗಿ ಏರುತ್ತದೆ. ಪೊಟ್ಯಾಶಿಯಂ ತೀರಾ ಜಾಸ್ತಿ, ಜೊತೆಗೆ ಕ್ಯಾಲ್ಸಿಯಂ ತೀರಾ ಕಡಿಮೆ ಬಂದರೆ ಯಾರೋ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಿಂದ ಕೆಂಪು ಮುಚ್ಚಳದ ಸೀರಮ್ ಟ್ಯೂಬಿಗೆ ಸುರಿದಿರಬಹುದು. ಎಲ್ಲಕ್ಕಿಂತ ನನಗೆ ಭಯ ಫ್ರಿಜ್ಜಿನದು. ಸೀರಮ್ ಬೇರ್ಪಡಿಸದೆ ರಕ್ತವನ್ನು ರಾತ್ರಿಯೆಲ್ಲ ತಂಪಿನಲ್ಲಿಟ್ಟರೆ ಕಣದೊಳಗಿನ ಪೊಟ್ಯಾಶಿಯಂ ಹೊರಗೆ ಸೋರುತ್ತದೆ, ಸೀರಮ್ಮಿನ ಬಣ್ಣ ಮಾತ್ರ ತಿಳಿಯಾಗಿಯೇ ಇರುತ್ತದೆ. ಆ ಅಂಕಿ ನಂಬಿ ಡಾಕ್ಟರು ಔಷಧಿ ಕೊಟ್ಟರೆ ಸರಿಯಿದ್ದ ಪೊಟ್ಯಾಶಿಯಂ ಕುಸಿದು ಹೃದಯಕ್ಕೇ ಅಪಾಯ. ಆದ್ದರಿಂದ ರಕ್ತ ತೆಗೆದ ಸಮಯ ಬರೆಯದ ಟ್ಯೂಬನ್ನು ಕೇಳದೆ ತೆಗೆದುಕೊಳ್ಳಬೇಡ.

ಸಕ್ಕರೆಯದು ಇದಕ್ಕೆ ತಿರುಗುಮುರುಗು. ಕೆಂಪು ಟ್ಯೂಬಿನಲ್ಲಿ ಹಾಗೇ ಬಿಟ್ಟರೆ ಕಣಗಳೇ ತಿಂದು ಗಂಟೆಗೆ ಸುಮಾರು ಶೇಕಡಾ 5ರಿಂದ 7ರಷ್ಟು ಇಳಿಯುತ್ತದೆ. ಬೂದು ಮುಚ್ಚಳದ ಟ್ಯೂಬಿನಲ್ಲೂ ಫ್ಲೋರೈಡ್ ಪೂರ್ತಿ ಕೆಲಸ ಮಾಡಲು ಒಂದೆರಡು ಗಂಟೆ ಬೇಕು, ಬೇಗ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಬೇರ್ಪಡಿಸು. ಸೀರಮ್ ಟ್ಯೂಬನ್ನು ಮಾತ್ರ ಅರ್ಧ ಗಂಟೆ ಹೆಪ್ಪುಗಟ್ಟಲು ಬಿಡು. ಅವಸರಪಟ್ಟರೆ ಫೈಬ್ರಿನ್ ಎಳೆ ಪ್ರೋಬಿಗೆ ಸಿಕ್ಕಿಕೊಳ್ಳುತ್ತದೆ.

ಇನ್ನೊಂದು ಸ್ಯಾಂಪಲ್ ಬೇಕೆಂದು ವಾರ್ಡಿಗೆ ಫೋನ್ ಮಾಡಿದರೆ ಸಿಸ್ಟರ್ ಬೇಸರಪಟ್ಟುಕೊಳ್ಳಬಹುದು. ಅವರಿಗೂ ಕೈತುಂಬ ಕೆಲಸ. "ಸಿಸ್ಟರ್, ರಕ್ತ ಒಡೆದಿದೆ, ಡ್ರಿಪ್ ಇಲ್ಲದ ಕೈಯಿಂದ ತೆಗೆದುಕೊಡಿ" ಎಂದು ಕಾರಣ ಸಮೇತ ಮೆತ್ತಗೆ ಹೇಳು. ಯಾರ ಜೊತೆ ಮಾತಾಡಿದೆ, ಎಷ್ಟು ಹೊತ್ತಿಗೆ, ಯಾಕೆ ವಾಪಸ್ ಮಾಡಿದೆ ಎಂಬುದನ್ನು ಆಗಲೇ ರಿಜಿಸ್ಟರಿನಲ್ಲಿ ಬರೆದಿಡು.