ಪಂಚೆ ಉಟ್ಟು ಕಚೇರಿಗೆ



ಈ ಪಾಠವನ್ನು ವ್ಯಾಕರಣದಿಂದಲೇ ಆರಂಭಿಸೋಣ. ಸೀರೆಯನ್ನೂ ಪಂಚೆಯನ್ನೂ ನಾವು ಉಡುತ್ತೇವೆ. ಅಂಗಿಯನ್ನೂ ಬಳೆಯನ್ನೂ ತೊಡುತ್ತೇವೆ. ಶಾಲನ್ನು ಹೊದೆಯುತ್ತೇವೆ, ರುಮಾಲನ್ನು ಸುತ್ತುತ್ತೇವೆ, ಹೂವನ್ನು ಮುಡಿಯುತ್ತೇವೆ, ಚಪ್ಪಲಿಯನ್ನು ಮೆಟ್ಟುತ್ತೇವೆ. ಇಂಗ್ಲಿಷಿನಲ್ಲಿ ಇಷ್ಟಕ್ಕೂ ಒಂದೇ ಕ್ರಿಯಾಪದ ಸಾಕು. ಕನ್ನಡಕ್ಕೆ ಆರು ಬೇಕು. ಸೊಂಟಕ್ಕೆ ಸುತ್ತಿ ಕಟ್ಟುವ, ಹೊಲಿಗೆಯಿಲ್ಲದ ಬಟ್ಟೆ ಉಡುಗೆ. ಹೊಲಿದು ಸಿದ್ಧಪಡಿಸಿದ್ದು ತೊಡುಗೆ. ಇವೆರಡೂ ಸೇರಿ ‘ಉಡುಗೆ ತೊಡುಗೆ’ ಎಂಬ ಜೋಡುನುಡಿಯಾಗಿದೆ. ಪ್ಯಾಂಟು ನಮ್ಮಲ್ಲಿಗೆ ತಡವಾಗಿ ಬಂದದ್ದರಿಂದ ಅದಕ್ಕೆ ಇವುಗಳಲ್ಲಿ ಯಾವುದೂ ಸರಿಹೊಂದಲಿಲ್ಲ. ಅದನ್ನು ನಾವು ‘ಹಾಕಿಕೊಳ್ಳುತ್ತೇವೆ’.

ಹಾಗಾದರೆ, ಉಡುವ ಬಟ್ಟೆಯನ್ನು ಹಬ್ಬಕ್ಕೆ, ಮದುವೆಗೆ, ಹೊಲಕ್ಕೆ ಮೀಸಲಿಟ್ಟು, ಕಚೇರಿಗೆ ಮಾತ್ರ ಹಾಕಿಕೊಳ್ಳುವ ಬಟ್ಟೆಯೇ ಆಗಬೇಕೆಂಬ ಭಾವನೆ ನಮ್ಮಲ್ಲಿ ಹೇಗೆ ಬೆಳೆಯಿತು? ಈ ಪ್ರಶ್ನೆಯನ್ನು ಎತ್ತುವುದಕ್ಕೆ ಕಾರಣವಿದೆ. ಶಾಲೆಯಲ್ಲಿ ಪೋಷಕರ ಸಭೆ ಕರೆದಾಗಲೆಲ್ಲ ಕೆಲವು ಹುಡುಗರು ‘ಅಪ್ಪನಿಗೆ ಹೊಲದಲ್ಲಿ ಕೆಲಸವಿದೆ ಸಾರ್, ಮಾವ ಬರುತ್ತಾರೆ’ ಎನ್ನುವುದನ್ನು ನಾವು ಕೇಳುತ್ತಿರುತ್ತೇವೆ. ವಿಚಾರಿಸಿದರೆ ಮಾವ ಪ್ಯಾಂಟು ಹಾಕುವವರು, ಅಪ್ಪ ಪಂಚೆ ಉಡುವವರು. ಇಷ್ಟೇ ವ್ಯತ್ಯಾಸ. ಮಗ ಬಾಯಿಬಿಟ್ಟು ಹೇಳದಿದ್ದರೂ ಅಪ್ಪನಿಗೆ ಅದು ತಿಳಿಯದೆ ಇರುವುದಿಲ್ಲ.

ಹಳೆಯ ಆಸ್ಥಾನಗಳಲ್ಲಿ

ಹಿಂದೂಪುರದಿಂದ ಸುಮಾರು 15 ಕಿಲೋಮೀಟರ್ ದೂರದ ಲೇಪಾಕ್ಷಿಗೆ ನೀವೆಲ್ಲ ಪ್ರವಾಸ ಹೋಗಿದ್ದೀರಿ. 16ನೆಯ ಶತಮಾನದಲ್ಲಿ, ಅಚ್ಯುತರಾಯನ ಕಾಲದಲ್ಲಿ, ವಿರೂಪಣ್ಣ ಮತ್ತು ವೀರಣ್ಣ ಎಂಬ ಸಹೋದರರು ಕಟ್ಟಿಸಿದ ವೀರಭದ್ರ ದೇವಾಲಯದ ಚಾವಣಿಯ ಚಿತ್ರಗಳನ್ನು ಮುಂದಿನ ಸಲ ತಲೆಯೆತ್ತಿ ನಿಧಾನವಾಗಿ ನೋಡಿರಿ. ಅಲ್ಲಿನ ಅಧಿಕಾರಿಗಳ ತಲೆಯ ಮೇಲೆ ಉದ್ದನೆಯ, ತುದಿ ಚೂಪಾದ ಟೋಪಿಯಿದೆ. ಅದರ ಹೆಸರು ಕುಲ್ಲಾಯಿ. ಅದರೊಂದಿಗೆ ತೊಡುತ್ತಿದ್ದ ಉದ್ದನೆಯ ಅಂಗಿ ಕಬಾಯಿ. ಟೋಪಿಯೂ ಅಂಗಿಯೂ ಹುಟ್ಟಿದ್ದು ನಮ್ಮ ನೆಲದಲ್ಲಲ್ಲ; ಪರ್ಷಿಯಾ, ಅರಬ್ ದೇಶಗಳ ಕಡೆಯಿಂದ ಬಂದವು. ವಿಜಯನಗರದ ದೊರೆಗಳೂ ಅಧಿಕಾರಿಗಳೂ ಅವುಗಳನ್ನು ತಮ್ಮ ಆಸ್ಥಾನದ ಉಡುಪನ್ನಾಗಿ ಮಾಡಿಕೊಂಡರು. ಅಂದಿನ ಲೋಕದಲ್ಲಿ ದೊಡ್ಡ ಅರಸರ ಒಡ್ಡೋಲಗಕ್ಕೆ ಅದೇ ಮರ್ಯಾದೆಯ ಉಡುಪೆನಿಸಿತ್ತು.

ಈ ಉಡುಪು ಎಲ್ಲರಿಗೂ ಹಿತವಾಗಿತ್ತೆಂದು ತಿಳಿಯಬಾರದು. ತೆಲುಗಿನ ಮಹಾಕವಿ ಶ್ರೀನಾಥನು 15ನೆಯ ಶತಮಾನದಲ್ಲಿ ಪ್ರೌಢದೇವರಾಯನ ದರ್ಶನಕ್ಕಾಗಿ ಬಂದಾಗ, ಕುಲ್ಲಾಯಿ ಇಟ್ಟು, ದೊಡ್ಡ ಅಂಗಿ ತೊಟ್ಟು ನಿಲ್ಲಬೇಕಾಗಿ ಬಂದದ್ದಕ್ಕೆ ಪೇಚಾಡಿಕೊಂಡ ಚಾಟುಪದ್ಯವೊಂದು ಅವನ ಹೆಸರಿನಲ್ಲಿ ಇಂದಿಗೂ ಪ್ರಚಾರದಲ್ಲಿದೆ. ಅಭ್ಯಾಸವಿಲ್ಲದ ಉಡುಪಿನಲ್ಲಿ ಅಧಿಕಾರದ ಬಾಗಿಲಿಗೆ ಮೊದಲ ಸಲ ಹೋಗಿ ನಿಲ್ಲುವ ಸಂಕೋಚ ಎಷ್ಟು ಹಳೆಯದೆಂದು ಇದರಿಂದ ತಿಳಿಯುತ್ತದೆ. ಜೊತೆಗೆ ಇನ್ನೊಂದು ಮಾತೂ ತಿಳಿಯುತ್ತದೆ. ಕಚೇರಿಯ ಉಡುಪೆಂಬುದು ಕಾಲಕಾಲಕ್ಕೆ ಬದಲಾಗುವ ಏರ್ಪಾಡೇ ಹೊರತು ಯೋಗ್ಯತೆಯ ಅಳತೆಗೋಲಲ್ಲ.

ನಮ್ಮ ಅಜ್ಜಂದಿರ ಕಾಲಕ್ಕೆ ಬರೋಣ. ಹಳೆಯ ಮೈಸೂರಿನ ಕಚೇರಿಗಳಲ್ಲಿ ಗುಮಾಸ್ತರೂ ಉಪಾಧ್ಯಾಯರೂ ಕಚ್ಚೆಪಂಚೆ ಉಟ್ಟು, ಮೇಲೆ ಮುಚ್ಚುಕೋಟು ತೊಟ್ಟು, ತಲೆಗೆ ರುಮಾಲು ಸುತ್ತಿ ಕೆಲಸಕ್ಕೆ ಹೋಗುತ್ತಿದ್ದರು. ಆಗ ಪಂಚೆಯೇ ಕಚೇರಿಯ ಉಡುಪು. ಆದ್ದರಿಂದ ಇಂದು ಪಂಚೆ ಉಟ್ಟು ಕಚೇರಿಗೆ ಹೋಗುವವನು ಹೊಸದೇನನ್ನೂ ಮಾಡುವುದಿಲ್ಲ, ಮರೆತದ್ದನ್ನು ನೆನಪಿಸುತ್ತಾನೆ.

ನಮ್ಮ ಸೀಮೆಯಿಂದಲೇ ಉದಾಹರಣೆ ಕೊಡಬಹುದು. ಅನಂತಪುರ ಜಿಲ್ಲೆಯ ಇಲ್ಲೂರಿನಲ್ಲಿ ಹುಟ್ಟಿದ ನೀಲಂ ಸಂಜೀವ ರೆಡ್ಡಿಯವರು 1956ರಲ್ಲಿ ಆಂಧ್ರಪ್ರದೇಶದ ಮೊದಲ ಮುಖ್ಯಮಂತ್ರಿಯಾದರು. 1967ರಲ್ಲಿ ಹಿಂದೂಪುರದಿಂದಲೇ ಲೋಕಸಭೆಗೆ ಆರಿಸಿಬಂದು ಸಭಾಧ್ಯಕ್ಷರಾದರು. 1977ರಲ್ಲಿ ರಾಷ್ಟ್ರಪತಿಯಾದರು. ಅವರದು ಪಂಚೆಯೇ. 1985, 1989 ಮತ್ತು 1994ರಲ್ಲಿ ಹಿಂದೂಪುರದಿಂದ ವಿಧಾನಸಭೆಗೆ ಗೆದ್ದ ಎನ್. ಟಿ. ರಾಮರಾವ್ ಅವರೂ ಪಂಚೆಯಲ್ಲಿಯೇ ಮುಖ್ಯಮಂತ್ರಿಯ ಕುರ್ಚಿಯಲ್ಲಿ ಕುಳಿತವರು. 1996ರಲ್ಲಿ ಪ್ರಧಾನಮಂತ್ರಿಯಾದ ಕನ್ನಡಿಗ ಎಚ್. ಡಿ. ದೇವೇಗೌಡರ ಉಡುಗೆಯೂ ಬಿಳಿಯ ಪಂಚೆ.

ಸ್ಕಾಟ್ಲೆಂಡಿನ ಕಿಲ್ಟ್

ಪಂಚೆಯ ದೂರದ ಬಂಧುವೊಂದು ಬ್ರಿಟನ್ನಿನ ಉತ್ತರಭಾಗವಾದ ಸ್ಕಾಟ್ಲೆಂಡಿನಲ್ಲಿದೆ. ಅದರ ಹೆಸರು ಕಿಲ್ಟ್. ಚೌಕಳಿಯ ಉಣ್ಣೆಬಟ್ಟೆಯನ್ನು ಸೊಂಟಕ್ಕೆ ಸುತ್ತಿ, ಹಿಂಬದಿಯಲ್ಲಿ ನೆರಿಗೆ ಬರುವಂತೆ, ಮೊಣಕಾಲಿನವರೆಗೆ ಗಂಡಸರು ಉಡುವ ಬಟ್ಟೆ ಅದು. ‘ಕಿಲ್ಟ್’ ಎಂಬ ಮಾತಿಗೆ ಮೂಲದಲ್ಲಿ ಬಟ್ಟೆಯನ್ನು ಮೇಲಕ್ಕೆತ್ತಿ ಸಿಕ್ಕಿಸುವುದು ಎಂಬ ಅರ್ಥವಿದೆ. ಗದ್ದೆಗಿಳಿಯುವ ನಮ್ಮ ರೈತ ಪಂಚೆಯನ್ನು ಎತ್ತಿ ಕಟ್ಟುವುದನ್ನು ನೆನೆಯಿರಿ. ಕಿಲ್ಟಿಗೆ ಜೇಬಿಲ್ಲ, ಆದ್ದರಿಂದ ಅವರು ಸೊಂಟದ ಮುಂದೆ ಚರ್ಮದ ಚೀಲವೊಂದನ್ನು ತೂಗಿಕೊಳ್ಳುತ್ತಾರೆ. ನಮ್ಮ ಹಿರಿಯರು ಎಲೆಯಡಿಕೆಗೂ ಪುಡಿಗಾಸಿಗೂ ಸೊಂಟಕ್ಕೆ ಸಂಚಿ ಸಿಕ್ಕಿಸಿಕೊಳ್ಳುತ್ತಿದ್ದುದೂ ಇದೇ ಕಾರಣಕ್ಕೆ.

ಈ ಕಿಲ್ಟ್ ಒಮ್ಮೆ ಅಪರಾಧವೆನಿಸಿತ್ತು. 1745ರಲ್ಲಿ ಸ್ಕಾಟ್ಲೆಂಡಿನ ಗುಡ್ಡಗಾಡಿನ ಜನ ಅರಸೊತ್ತಿಗೆಯ ವಿರುದ್ಧ ದಂಗೆ ಎದ್ದರು, ಮರುವರ್ಷ ಸೋತರು. ಒಡನೆಯೇ, 1746ರಲ್ಲಿ, ಅವರ ಉಡುಪನ್ನು ನಿಷೇಧಿಸುವ ಕಾಯಿದೆ ಬಂದಿತು. ಮೊದಲ ತಪ್ಪಿಗೆ ಆರು ತಿಂಗಳ ಸೆರೆ. ಮತ್ತೆ ಸಿಕ್ಕಿಬಿದ್ದರೆ ಏಳು ವರ್ಷ ಕಡಲಾಚೆಗೆ ಗಡೀಪಾರು. ಸರ್ಕಾರದ ಸೈನ್ಯಕ್ಕೆ ಸೇರಿದವರಿಗೆ ಮಾತ್ರ ವಿನಾಯಿತಿ. ಜನರ ಸ್ವಾಭಿಮಾನವನ್ನು ಮುರಿಯಬೇಕಾದರೆ ಮೊದಲು ಅವರ ಉಡುಗೆಯನ್ನು ಕಿತ್ತುಕೊಳ್ಳಬೇಕೆಂಬುದನ್ನು ಆಳುವವರು ಚೆನ್ನಾಗಿ ಅರಿತಿದ್ದರು. 1782ರಲ್ಲಿ ಆ ಕಾಯಿದೆ ರದ್ದಾಯಿತು. 1822ರಲ್ಲಿ ಎಡಿನ್‌ಬರೊ ನಗರಕ್ಕೆ ಬಂದ ದೊರೆ ನಾಲ್ಕನೆಯ ಜಾರ್ಜ್ ತಾನೇ ಕಿಲ್ಟ್ ಉಟ್ಟು ಕಾಣಿಸಿಕೊಂಡ! ಇಂದು ಅದು ಸ್ಕಾಟರ ಮದುವೆಮನೆಯ ಗೌರವದ ಉಡುಪು. ಆದರೂ ದಿನನಿತ್ಯದ ಕಚೇರಿಗೆ ಅಲ್ಲಿಯೂ ಪ್ಯಾಂಟೇ ರೂಢಿ.

ಬಾಗಿಲಲ್ಲಿ ತಡೆದವರು

ನಮ್ಮಲ್ಲಿ ಪಂಚೆಯನ್ನು ಯಾವ ಕಾಯಿದೆಯೂ ನಿಷೇಧಿಸಲಿಲ್ಲ. ಬಾಗಿಲು ಕಾಯುವವರು ನಿಷೇಧಿಸಿದರು. 2014ರ ಜುಲೈ ತಿಂಗಳಲ್ಲಿ ಚೆನ್ನೈಯ ಕ್ರಿಕೆಟ್ ಸಂಸ್ಥೆಯ ಕ್ಲಬ್ಬಿನಲ್ಲಿ ನಡೆದ ಪುಸ್ತಕ ಬಿಡುಗಡೆಗೆ ಬಂದ ಮದರಾಸು ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಹರಿಪರಂದಾಮನ್ ಅವರನ್ನು ಪಂಚೆ ಉಟ್ಟಿದ್ದಾರೆಂದು ಒಳಗೆ ಬಿಡಲಿಲ್ಲ. ಮರುತಿಂಗಳೇ ತಮಿಳುನಾಡಿನ ಶಾಸನಸಭೆ ಕಾಯಿದೆ ಮಾಡಿತು. ಪಂಚೆಯ ಕಾರಣಕ್ಕೆ ಸಾರ್ವಜನಿಕ ಸ್ಥಳದಲ್ಲಿ ಪ್ರವೇಶ ನಿರಾಕರಿಸಿದರೆ ಒಂದು ವರ್ಷದವರೆಗೆ ಸೆರೆ ಮತ್ತು 25,000 ರೂಪಾಯಿವರೆಗೆ ದಂಡ. 2019ರಲ್ಲಿ ಅದೇ ರಾಜ್ಯ ತನ್ನ ಸಚಿವಾಲಯದ ನೌಕರರ ಉಡುಪಿನ ಆದೇಶದಲ್ಲಿ ಪ್ಯಾಂಟಿನೊಂದಿಗೆ ಪಂಚೆಯ ಹೆಸರನ್ನೂ ಸೇರಿಸಿತು.

2024ರ ಜುಲೈಯಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಮಾಲ್ ಒಂದರಲ್ಲಿ ಮಗನೊಡನೆ ಸಿನಿಮಾ ನೋಡಲು ಬಂದ ಹಾವೇರಿ ಜಿಲ್ಲೆಯ ವೃದ್ಧ ರೈತರೊಬ್ಬರನ್ನು ಇದೇ ಕಾರಣಕ್ಕೆ ತಡೆದರು. ಕೈಯಲ್ಲಿ ಟಿಕೆಟ್ಟಿತ್ತು. ವಿಷಯ ವಿಧಾನಸಭೆಯಲ್ಲಿ ಪ್ರತಿಧ್ವನಿಸಿತು. ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಸರ್ಕಾರ ಅಲ್ಲಿಯೇ ಪ್ರಕಟಿಸಿತು. ನ್ಯಾಯಮೂರ್ತಿಗಾದರೂ ರೈತನಿಗಾದರೂ ಅವಮಾನ ಒಂದೇ. ಆದರೆ ಈ ಎರಡನೆಯ ಪ್ರಸಂಗದಲ್ಲಿ ನಾವು ಗಮನಿಸಬೇಕಾದ್ದು ಇನ್ನೊಂದಿದೆ. ಅಪ್ಪನನ್ನು ತಡೆದಾಗ ಮಗ ಪಕ್ಕಕ್ಕೆ ಸರಿದು ನಿಲ್ಲಲಿಲ್ಲ; ಅಪ್ಪನ ಪರವಾಗಿ ಕೇಳಿದ.

ಕಲ್ಯಾಣದುರ್ಗದ ಹುಡುಗ

ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಕಲ್ಯಾಣದುರ್ಗದ ಕಡೆಯ ಶೇಂಗಾ ಬೆಳೆಯುವ ರೈತನ ಮಗ. ಹಿಂದೂಪುರದ ಒಂದು ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿದ. ಒಂದು ಯುಗಾದಿಯ ಮರುದಿನ ಪಂಚೆ ಉಟ್ಟು ಕೆಲಸಕ್ಕೆ ಹೋದ. ಬೆಳಿಗ್ಗೆ ಜೊತೆಯವರು ‘ಏಮಯ್ಯಾ, ಪೆಂಡ್ಲಾ?’ ಎಂದು ನಕ್ಕರಂತೆ. ಮಧ್ಯಾಹ್ನದ ಹೊತ್ತಿಗೆ ಯಾರೂ ಅದರ ಮಾತೆತ್ತಲಿಲ್ಲ. ಕಡತಗಳು ಎಂದಿನಂತೆಯೇ ಸಾಗಿದವು. ಒಂದು ಮಾತ್ರ ಬೇರೆಯಾಗಿತ್ತು. ಕಾಗದಪತ್ರ ಹಿಡಿದು ಬಾಗಿಲಲ್ಲೇ ನಿಂತಿದ್ದ ಹಳ್ಳಿಯ ಇಬ್ಬರು ಹಿರಿಯರು ಯಾರನ್ನೂ ಕೇಳದೆ ನೇರವಾಗಿ ಅವನ ಮೇಜಿನ ಬಳಿಗೆ ಬಂದರು. ‘ನೀವು ನಮ್ಮ ಕಡೆಯವರೇನಪ್ಪಾ?’ ಎಂದು ಕೇಳಿದರು. ಇದನ್ನು ನಮಗೆ ಹೇಳುವಾಗ ಅವನು, ‘ಸಾರ್, ಅವರು ದಿನಾ ಬಾಗಿಲಲ್ಲಿ ನಿಲ್ಲುತ್ತಿದ್ದರು, ನಾನು ನೋಡಿಯೇ ಇರಲಿಲ್ಲ’ ಎಂದ.

ಮೊದಲ ಸಲ ಉಡುವವರಿಗೆ

ಒಂಟಿ ಅಡ್ಡಪಂಚೆ ಸುಮಾರು 2 ಮೀಟರು. ಮಡಿಸಿ ಉಡುವುದು ಸುಮಾರು 4 ಮೀಟರು. ಕಚೇರಿಗೆ ಮಡಿಸಿ ಉಡುವುದೇ ಲೇಸು. ತೆಳುವಾಗಿ ಕಾಣದು, ಗಾಳಿಗೆ ಹಾರದು. ಗಂಟನ್ನೇ ನಂಬದೆ ಉಡಿದಾರಕ್ಕೋ ನಡುಪಟ್ಟಿಗೋ ಭದ್ರಪಡಿಸಿರಿ. ಅಂಚು ಪಾದದ ಗಂಟಿನವರೆಗೆ ಇಳಿದಿರಲಿ. ಹಾದಿಯಲ್ಲಿ ಎತ್ತಿ ಕಟ್ಟಿದ್ದರೂ ಹಿರಿಯರೆದುರು, ಅಧಿಕಾರಿಯೆದುರು ಬಿಚ್ಚಿ ಇಳಿಸುವುದು ನಮ್ಮ ಕಡೆಯ ಮರ್ಯಾದೆ. ಬೈಸಿಕಲ್ ಏರುವ ಮೊದಲು ಅಂಚು ಸರಪಳಿಗೆ ಸಿಕ್ಕದಂತೆ ನೋಡಿಕೊಳ್ಳಿರಿ. ಯಂತ್ರಗಳ ನಡುವೆ ಕೆಲಸ ಮಾಡುವವರಿಗೆ ಪಂಚೆ ಸಲ್ಲದು. ಅಲ್ಲಿ ಮಾನಕ್ಕಿಂತ ಪ್ರಾಣ ಮುಖ್ಯ. ಎಲ್ಲಕ್ಕಿಂತ ಮೊದಲಾಗಿ, ಮನೆಯಲ್ಲಿ ನಾಲ್ಕು ದಿನ ಉಟ್ಟು ನಡೆದಾಡಿ ರೂಢಿಸಿಕೊಳ್ಳಿರಿ.

ಎಚ್ಚರಿಕೆಯ ಮಾತು

ಹಾಗೆಂದು ಎಲ್ಲರೂ ಪಂಚೆಯನ್ನೇ ಉಡಬೇಕೆಂದು ನಾವು ಹೇಳುತ್ತಿಲ್ಲ. ಭೂತಾನದಲ್ಲಿ ಗಂಡಸರ ಉಡುಪಾದ ‘ಘೋ’ ಮೊಣಕಾಲಿನವರೆಗೆ ಬರುವ ಅಂದವಾದ ನಿಲುವಂಗಿ. 1989ರಲ್ಲಿ ಅಲ್ಲಿನ ಅರಸರ ಆಜ್ಞೆಯಿಂದ ರಾಷ್ಟ್ರೀಯ ಉಡುಪು ಎಲ್ಲರಿಗೂ ಕಡ್ಡಾಯವಾದಾಗ, ಬೇರೆ ಉಡುಗೆಯ ರೂಢಿಯಿದ್ದ ದಕ್ಷಿಣಭಾಗದ ನೇಪಾಳಿ ಮಾತಿನ ಜನರಿಗೆ ಅದೇ ನೋವಿನ ಕಾರಣವಾಯಿತು. ಬಲವಂತದಿಂದ ಬಿಡಿಸುವುದೂ ತಪ್ಪು, ಬಲವಂತದಿಂದ ಉಡಿಸುವುದೂ ತಪ್ಪು. ‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ಗಾದೆಯಂತೆ ನೋಡುವವರ ಕಣ್ಣಿಗೆ ಬೆಲೆ ಕೊಡೋಣ, ಚೊಕ್ಕಟವಾಗಿ ಉಡೋಣ. ಆದರೆ ನೋಡುವವರ ಕಣ್ಣಿಗೂ ಕಲಿಯಬೇಕಾದ ಪಾಠವೊಂದಿದೆ. ಪ್ಯಾಂಟು ಹಾಕುವ ಹುಡುಗನಿಗೆ ಪಂಚೆಯ ಅಪ್ಪನ ಬಗ್ಗೆ ಹೆಮ್ಮೆಯಿದ್ದರೆ ಅಷ್ಟೇ ಸಾಕು.

ಪೋಷಕರಲ್ಲಿಯೂ ಒಂದು ಬಿನ್ನಹ. ಶಾಲೆಯ ಸಭೆಗೆ ಬರಲು ಯಾರ ಪ್ಯಾಂಟನ್ನೂ ಎರವಲು ತರಬೇಡಿರಿ. ನಿಮ್ಮ ಮಗುವಿನ ಓದಿನ ಮಾತನಾಡಲು ನೀವಿರುವಂತೆಯೇ ಬನ್ನಿರಿ. ಮುಂದಿನ ಸಾಲಿನಲ್ಲಿ ಕುರ್ಚಿಯಿದೆ.

ಅಭ್ಯಾಸ

1. ಉಡು, ತೊಡು, ಹೊದೆ, ಸುತ್ತು, ಮುಡಿ, ಮೆಟ್ಟು: ಇವುಗಳನ್ನು ಸ್ವಂತ ವಾಕ್ಯಗಳಲ್ಲಿ ಬಳಸಿರಿ.
2. ‘ಟೊಂಕ ಕಟ್ಟಿ ನಿಲ್ಲು’ ಎಂಬ ನುಡಿಗಟ್ಟಿನ ಅರ್ಥವನ್ನು ಮನೆಯ ಹಿರಿಯರಿಂದ ತಿಳಿದು ಬರೆಯಿರಿ.
3. 1746ರ ಕಾಯಿದೆ ಮತ್ತು 2014ರ ಕಾಯಿದೆ ಯಾವ ರೀತಿಯಲ್ಲಿ ಒಂದಕ್ಕೊಂದು ವಿರುದ್ಧವಾಗಿವೆ? ವಿವರಿಸಿರಿ.
4. ನಿಮ್ಮ ಅಜ್ಜನಿಂದಲೋ ಅಪ್ಪನಿಂದಲೋ ಪಂಚೆ ಉಡುವ ಕ್ರಮವನ್ನು ಕೇಳಿ ತಿಳಿದು, ಹತ್ತು ಸಾಲುಗಳಲ್ಲಿ ಬರೆಯಿರಿ. ಬರೆದದ್ದನ್ನು ಅವರಿಗೇ ಓದಿ ಹೇಳಿ, ಸರಿಯಿದೆಯೇ ಎಂದು ಕೇಳಿರಿ.